ಧೂಳು ತೆಗೆದ ಮುಖಗಳು

೯ ಜೂನ್ ೨೦೦೩, ಸೋಮವಾರ

ಇವತ್ತೂ ಸ್ಕ್ಯಾನರ್ ಹುಡುಕಾಟ. ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ, ಮೂರು ಥರದ ಸುಳ್ಳು. ಒಬ್ಬ ಕಾಗದಕ್ಕೆ ಬಳಸುವ ಫ್ಲ್ಯಾಟ್‌ಬೆಡ್ ತೋರಿಸಿ "ಇದ್ರಲ್ಲೇ ನೆಗೆಟಿವ್ವೂ ಆಗತ್ತೆ ಸಾರ್, ರೇಷನ್ ಕಾರ್ಡೂ ಆಗತ್ತೆ" ಅಂದ. ಅಂಥದ್ದರಲ್ಲಿ ರೇಷನ್ ಕಾರ್ಡೇ ಚೆನ್ನಾಗಿ ಬರೋದು. ಫಿಲ್ಮಿಗೆ ಫಿಲ್ಮ್ ಸ್ಕ್ಯಾನರೇ ಆಗಬೇಕು.

ಬನಶಂಕರಿಗೆ ವಾಪಸ್ ಬಂದು ಬಾಗಿಲು ತೆಗೆದರೆ ಹಿಂದಿನ ರೂಮಿನ ವಾಸನೆ ಎದುರಿಗೇ ಬಂತು. ವಿನೆಗರ್ ಥರ, ಹಳೇ ಫಿಲ್ಮ್ ಕೊಳೆಯುವಾಗ ಬರೋದು. ಶ್ರೀನಗರದ ಫೋಟೋ ಸ್ಟುಡಿಯೋ ಮುಚ್ಚಿದಾಗ ತಂದಿಟ್ಟ ಅಪ್ಪನ ನೆಗೆಟಿವ್ ಡಬ್ಬಗಳು. ಎಲ್ಲ ಬ್ಲ್ಯಾಕ್ ಅಂಡ್ ವೈಟ್. ಒಂದು ಜೀವಮಾನದ ಕೆಲಸ ಹುಳಿ ಬರುತ್ತಿದೆ. ಒಂದು ರೋಲ್ ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತೆ. ನನ್ನ ಹೆಂಡತಿ ಶ್ವೇತಾಗೆ ಮತ್ತೆ ವೀಸಿಂಗ್, ಉಬ್ಬಸ.

"ಆ ಡಬ್ಬಗಳೋ ನಾನೋ, ಒಂದು ತೀರ್ಮಾನ ಮಾಡಿ" ಅಂದಳು. ತಮಾಷೆಗೆ ಹೇಳಿದ್ದಲ್ಲ.

೧೩ ಜೂನ್

ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಬೇಕು, ಅದೂ ಎಷ್ಟು ಕಾಲವೋ...

ವಾಪಸ್ ಆಟೋದಲ್ಲಿ ಬಂದೆವು. ಸೌತ್ ಎಂಡ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪ ಕೇಳಿದರು.

"ನೆಗೆಟಿವ್ ಎಲ್ಲ ಕಂಪ್ಯೂಟರಲ್ಲಿ ದೊಡ್ಡದಾಗಿ ಕಾಣತ್ತೇನೋ?"

"ಎಷ್ಟು ಬೇಕಾದ್ರೂ ದೊಡ್ಡದು ಮಾಡ್ಬಹುದು."

"ವಿಮಲಂದು ಒಂದಿದೆ ಅದ್ರಲ್ಲಿ. ಯಾವ ಡಬ್ಬವೋ ಗೊತ್ತಿಲ್ಲ. ಕಣ್ಣಿರೋವಾಗ ಒಂದ್ಸಲ ನೋಡ್ಬಿಡ್ತೀನಿ."

ವಿಮಲಾ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ, ಆರನೇ ವಯಸ್ಸಿಗೆ, ಜ್ವರ ಬಂದು ಹೋದವಳು. ಅಮ್ಮ ಇರುವಷ್ಟು ದಿನ ಮನೆಯಲ್ಲಿ ಆ ಹೆಸರು ಎತ್ತುವ ಹಾಗಿರಲಿಲ್ಲ. ಇದ್ದಬದ್ದ ಪ್ರಿಂಟನ್ನೆಲ್ಲ ಅಮ್ಮನೇ ಒಲೆಗೆ ಹಾಕಿದ್ದಳಂತೆ. ನಾನು ಅಕ್ಕನ ಮುಖವನ್ನೇ ನೋಡಿಲ್ಲ. ಒಂದು ನೆಗೆಟಿವ್ ಉಳಿದಿದೆ ಅಂತ ಗೊತ್ತಾದದ್ದೂ ಇವತ್ತೇ. ತುಂಬಾ ಸಂಕಟವಾಯಿತು. ಖುಷಿಯೂ ಆಯಿತು.

೨೧ ಜೂನ್

ತಗೊಂಡೆ! ಫಿಲ್ಮ್ ಸ್ಕ್ಯಾನರ್. ಅಂಗಡಿಯ ಮೌನೇಶ ತಾನೇ ತಂದು ಕೂರಿಸಿಕೊಟ್ಟ. ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ರೂಮ್. ಸಾಫ್ಟ್‌ವೇರ್ ಎರಡು ತೋರಿಸಿದ. ಒಂದರ ತುಂಬಾ ನೂರೆಂಟು ಸೆಟ್ಟಿಂಗ್, ನೋಡಿಯೇ ತಲೆ ಕೆಟ್ಟಿತು. ಇನ್ನೊಂದು ಸಲೀಸು.

"ಇದ್ರಾಗ ಡಸ್ಟ್ ರಿಮೂವಲ್ ಐತ್ರಿ ಸರ. ಒಂದು ಟಿಕ್ ಹಾಕಿದ್ರ ಧೂಳು, ಗೀರು ಎಲ್ಲ ಮಾಯ."

ನಮ್ಮ ಮದುವೆಯ ಕಲರ್ ನೆಗೆಟಿವ್ ಹಾಕಿ ನೋಡಿದೆ. ಉದ್ದಕ್ಕೆ ಗೀರು ಬಿದ್ದ ಫ್ರೇಮು. ಟಿಕ್ ಹಾಕಿದರೆ ಗೀರೇ ಇಲ್ಲ, ತಲೆ ಮೇಲಿನ ಅಕ್ಷತೆ ಕಾಳು ಮಾತ್ರ ಹಾಗೇ ಇದೆ. ಸಖತ್! ಇದೇ ಸಾಕು ಅಂದೆ. ಮ್ಯಾನ್ಯುಯಲ್ಲು ತೆಲುಗು ಪಂಚಾಂಗದಷ್ಟು ದಪ್ಪ ಇದೆ. ಬೀರುವಿನ ಮೇಲೆ ಎಸೆದೆ. ಇಷ್ಟು ವರ್ಷ ಮದುವೆ ಫೋಟೋ ತೆಗೆದವನಿಗೆ ಅದೇನು ಹೇಳಿಕೊಡುತ್ತೆ?

೩೦ ಜೂನ್

ಅಪ್ಪನ ಮೊದಲ ಡಬ್ಬ ಶುರು. ಟಿಕ್ ಇಲ್ಲದೆ ಒಂದು ಫ್ರೇಮ್ ಸ್ಕ್ಯಾನ್ ಮಾಡಿದೆ. ಅದ್ಭುತ ಶಾರ್ಪ್. ಆದರೆ ಮೈತುಂಬಾ ಧೂಳು. ಯಾರದೋ ಸೀರೆಯ ಮೇಲಿನ ಚುಕ್ಕೆ ಒಂದೊಂದಾಗಿ ಒರೆಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಯಿತು. ಹೀಗಾದರೆ ಅಪ್ಪನ ಕಣ್ಣು ಕಾಯುತ್ತಾ?

ಟಿಕ್ ಹಾಕಿಬಿಟ್ಟೆ, ಎಲ್ಲದಕ್ಕೂ. ಪ್ರಿವ್ಯೂ ಚೆನ್ನಾಗಿದೆ. ಅದರಲ್ಲಿ ಕ್ಲೀನಿಂಗ್ ಕಾಣಲ್ಲ, ಫೈನಲ್ ಫೈಲಿನಲ್ಲಿ ಆಗುತ್ತೆ. ಸ್ಟ್ರಿಪ್ ತೂರಿಸೋದು, ಕಾಫಿ ಕುಡಿಯೋದು, ತೆಗೆಯೋದು, ಸಿ.ಡಿ.ಗೆ ಬರೆಯೋದು. ಪ್ರತಿಯೊಂದನ್ನೂ ತೆಗೆದು ನೋಡುತ್ತಾ ಕೂರುವುದಕ್ಕೆ ಪುರುಸೊತ್ತಿಲ್ಲ. ಈ ಕಂಪ್ಯೂಟರು ಒಂದು ಫೈಲ್ ತೆರೆಯುವುದಕ್ಕೇ ಮುಲುಕುತ್ತೆ.

೧೯ ಜುಲೈ

ಸ್ಕ್ಯಾನ್ ಆದ ನೆಗೆಟಿವ್‌ಗಳ ಮೊದಲ ಮೂಟೆ ಇವತ್ತು ನಗರ್ತಪೇಟೆಗೆ ಹೋಯಿತು. ಹಳೇ ಎಕ್ಸ್‌ರೇ, ನೆಗೆಟಿವ್ ಕೊಂಡು ಅದರಿಂದ ಬೆಳ್ಳಿ ತೆಗೆಯುವ ಉಗ್ರಪ್ಪ ಅಂತ ಒಬ್ಬರಿದ್ದಾರೆ. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ, ಶ್ವೇತಾ ಉಸಿರಾಡಬೇಕಲ್ಲ. ಸಿ.ಡಿ. ಇದೆಯಲ್ಲ, ಇನ್ನೇನು.

ಆದರೂ ಮೂಟೆ ಸ್ಕೂಟರಿಗೆ ಕಟ್ಟುವಾಗ ಕೈ ಯಾಕೋ ತಡೆಯಿತು.

೬ ಆಗಸ್ಟ್

ಸಿ.ಡಿ. ಕವರಿಗೆ ಸಣ್ಣ ಸಣ್ಣ ಚಿತ್ರಗಳ ಇಂಡೆಕ್ಸ್ ಪ್ರಿಂಟ್ ಮಾಡುತ್ತಿದ್ದೇನೆ. ಶ್ವೇತಾ ಅಂಟಿಸಿಕೊಡುತ್ತಾಳೆ. ಒಂದು ಹಾಳೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದೇನ್ರೀ, ಒಬ್ಬರ ಹಣೇಲೂ ಕುಂಕುಮ ಇಲ್ಲ?"

"ಉಗುರಿನಷ್ಟು ಚಿತ್ರ ಕಣೇ. ಕಾಣಲ್ಲ."

"ಬಾರ್ಡರ್ ಕಾಣತ್ತೆ, ಬಳೆ ಕಾಣತ್ತೆ, ಕುಂಕುಮ ಕಾಣಲ್ವಾ?"

ಬ್ಲ್ಯಾಕ್ ಅಂಡ್ ವೈಟ್ ಫಿಲ್ಮಿನಲ್ಲಿ ಕೆಂಪು ಬೆಳ್ಳಗೆ ಬರುತ್ತೆ, ಮುಖದ ಬಣ್ಣದಲ್ಲಿ ಸೇರಿಹೋಗುತ್ತೆ ಅಂತ ಪಾಠ ಮಾಡಿದೆ. ಅದು ನಿಜವೇ. ಅವಳು ಒಪ್ಪಲಿಲ್ಲ. ಹಾಳೆ ಬೋರಲು ಹಾಕಿದಳು.

"ನಾಳಿದ್ದು ವರಮಹಾಲಕ್ಷ್ಮಿ. ಅಲ್ಲೀತನಕ ಇದನ್ನೆಲ್ಲ ಒಳಗಿಡಿ. ನೋಡಿದ್ರೆ ಒಂಥರಾ ಆಗತ್ತೆ."

೨೦ ಸೆಪ್ಟೆಂಬರ್

ಬರೆಯಲು ಬಿಡುವೇ ಇರಲಿಲ್ಲ. ಕೊನೆಯ ಮೂಟೆಯೂ ಹೋಯಿತು. ರೂಮು ತೊಳೆದೆವು. ವಾಸನೆ ಇಲ್ಲ. ಶ್ವೇತಾ ಇನ್‌ಹೇಲರ್ ಮುಟ್ಟಿ ವಾರವಾಯಿತು.

ಅಪ್ಪ ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಂಡರು. ಪಕ್ಕದ್ದು ಏನೂ ಕಾಣುತ್ತಿಲ್ಲ, ಕೊಳವೆಯಲ್ಲಿ ನೋಡಿದ ಹಾಗೆ ಅಂತೆ. ವಿಮಲಾ ಫೋಟೋದ ಗುರುತು ಹೇಳಿದರು: ಲಾಲ್‌ಬಾಗ್ ಬಂಡೆ, ಬೆಳಗಿನ ಬಿಸಿಲು, ಬಿಳಿ ಫ್ರಾಕು, ಎರಡು ಜಡೆ. ದಸರಾ ಹಬ್ಬ ಕಳೆಯಲಿ, ಹುಡುಕುತ್ತೇನೆ ಅಂದೆ.

೨೮ ಸೆಪ್ಟೆಂಬರ್

ಆದದ್ದು ಆದ ಹಾಗೆ ಬರೆಯುತ್ತೇನೆ.

ಗೊಂಬೆ ನೋಡಲು ಎದುರು ಮನೆಯ ಶಾಂತಾದೇವಿ ಬಂದಿದ್ದರು. ಶ್ವೇತಾ ಕುಂಕುಮ ಕೊಟ್ಟಳು. ಅಪ್ಪ ಕುರ್ಚಿಯಲ್ಲಿ ಕೂತು ಹಳೇ ಕಥೆ ತೆಗೆದರು.

"ನೋಡಮ್ಮ, ಹೆಂಗಸರು ಫೋಟೋಗೆ ಬಂದ್ರೆ ನಾನು ಲೆನ್ಸಿಗೆ ಹಸಿರು ಫಿಲ್ಟರ್ ಹಾಕ್ತಿದ್ದೆ. ಕುಂಕುಮ ಕಪ್ಪಗೆ ಎದ್ದು ಕಾಣೋದು. ಇಲ್ದಿದ್ರೆ ಹಣೆ ಬರಿದಾಗಿ ಬಂದು ಅವರ ಮನೇಲಿ ರಾಮಾಯಣ! ಫಿಲ್ಟರಿಲ್ದೆ ಒಬ್ಬರನ್ನೂ ತೆಗ್ದಿಲ್ಲ ನಾನು."

ಎದ್ದು ಒಳಗೆ ಬಂದೆ. ಒಂದು ಸಿ.ಡಿ. ಹಾಕಿದೆ. ಒಂದು ಫೈಲನ್ನು ಪೂರ್ತಿ ದೊಡ್ಡದು ಮಾಡಿದೆ.

ಮದುವಣಗಿತ್ತಿ. ಸೀರೆ ಇದೆ, ಹಿಂದಿನ ಪರದೆ ಇದೆ. ಮುಖವಿಲ್ಲ. ಮೇಣ ಕರಗಿ ಗಟ್ಟಿಯಾದ ಹಾಗೆ ಒಂದು ಬೂದು ಕಲೆ. ಇನ್ನೊಂದು ತೆರೆದೆ. ಮತ್ತೊಂದು. ಬೇರೆ ಸಿ.ಡಿ. ಎಲ್ಲ ಹಾಗೇ.

ಬೀರುವಿನ ಮೇಲಿಂದ ಮ್ಯಾನ್ಯುಯಲ್ ಇಳಿಸಿದೆ. ಕ್ಲೀನಿಂಗ್‌ಗೆ ಸ್ಕ್ಯಾನರ್ ಇನ್‌ಫ್ರಾರೆಡ್ ಬೆಳಕು ಬಿಡುತ್ತಂತೆ. ಕಲರ್ ಫಿಲ್ಮಿನ ಬಣ್ಣವನ್ನು ಅದು ದಾಟಿ ಹೋಗುತ್ತೆ, ಧೂಳು ಮಾತ್ರ ಅದನ್ನು ತಡೆಯುತ್ತೆ. ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯೂ ತಡೆಯುತ್ತೆ. ಬೆಳಕು ಹೆಚ್ಚು ಬಿದ್ದಲ್ಲಿ ಬೆಳ್ಳಿ ಹೆಚ್ಚು. ಮುಖ, ಮಲ್ಲಿಗೆ, ಬಿಳಿ ಪಂಚೆ. ಅದನ್ನೇ ಧೂಳು ಅಂತ ತಿಳಿದು ಸ್ಕ್ಯಾನರ್ ಒರೆಸಿಹಾಕಿದೆ. 'ಬ್ಲ್ಯಾಕ್ ಅಂಡ್ ವೈಟ್ ಫಿಲ್ಮಿಗೆ ಬಳಸಬೇಡಿ.' ಒಂದೇ ಸಾಲು.

ಬಿಳಿ ಫ್ರಾಕು, ಬೆಳಗಿನ ಬಿಸಿಲು...

೨೯ ಸೆಪ್ಟೆಂಬರ್

ಅಂಗಡಿ ತೆಗೆಯುವ ಮೊದಲೇ ನಗರ್ತಪೇಟೆಯಲ್ಲಿದ್ದೆ. ಉಗ್ರಪ್ಪ ತಾರಸಿಗೆ ಕರೆದುಕೊಂಡು ಹೋದರು. ಹಗ್ಗದ ತುಂಬಾ ಫಿಲ್ಮ್ ಒಣಗುತ್ತಿತ್ತು. ಕೈಗೆ ತಗೊಂಡು ಬಿಸಿಲಿಗೆ ಹಿಡಿದೆ. ಅದರ ಮೂಲಕ ಆಚೆ ಮನೆಯ ನೀರಿನ ಟ್ಯಾಂಕು ಸ್ಪಷ್ಟವಾಗಿ ಕಂಡಿತು.

"ನಿಮ್ದೆಲ್ಲ ತೊಳೆದಾಯ್ತು ಸಾರ್. ಬೆಳ್ಳಿ ಬಂತು. ಇನ್ನು ಇದು ಬರೀ ಪ್ಲಾಸ್ಟಿಕ್ಕು. ಯಾಕೆ, ಏನಾದ್ರೂ ಬೇಕಿತ್ತಾ?"

ಏನೂ ಇಲ್ಲ ಅಂದೆ. ಮೆಟ್ಟಿಲಿಳಿದು ಬಂದೆ.

೩ ಅಕ್ಟೋಬರ್

ಸಿಕ್ಕಳು. ಬಂಡೆಯ ಒಂದೊಂದು ಬಿರುಕೂ ಇದೆ. ಜಡೆ ಇದೆ, ಜಡೆಯ ಟೇಪಿಲ್ಲ. ಫ್ರಾಕಿನ ಜಾಗದಲ್ಲಿ ಬೂದಿ ಬಣ್ಣ. ಮುಖ—ಇಲ್ಲ.

ಬ್ರಷ್ ಟೂಲ್ ಹಿಡಿದು ಕೂತೆ. ಬೇರೆಯವರ ಮುಖ ಎಷ್ಟೋ ತಿದ್ದಿದ್ದೇನೆ, ಇದೊಂದು ಆಗದಾ ಅಂತ. ಕಣ್ಣು ಹೇಗಿತ್ತು? ಮೂಗು? ಆ ಮುಖ ಗೊತ್ತಿರುವವರು ಈ ಭೂಮಿ ಮೇಲೆ ಅಪ್ಪ ಒಬ್ಬರೇ. ಅವರನ್ನು ಕೇಳುವ ಹಾಗಿಲ್ಲ.

"ಹೇಳ್ಬಿಡಿ" ಅಂದಳು ಶ್ವೇತಾ. "ಇನ್ನೊಂದು ದಿನ ತಡ ಮಾಡ್ಬೇಡಿ. ಅವರಾಗೇ ಕೇಳೋ ಮುಂಚೆ ಹೇಳ್ಬಿಡಿ."

ನಾಳೆ.

೧೧ ಅಕ್ಟೋಬರ್, ಮಧ್ಯಾಹ್ನ

ಹೇಳಿರಲಿಲ್ಲ. ಅಪ್ಪನೇ ಬಂದರು. ಗೋಡೆ ಹಿಡಿದುಕೊಂಡು ಬಂದು ಪಕ್ಕದ ಸ್ಟೂಲಿನಲ್ಲಿ ಕೂತರು. ಕನ್ನಡಕವನ್ನು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಸಿಕ್ಕಿದಾಳಂತಲ್ಲ. ಹಾಕೋ, ನೋಡೋಣ."

ಶ್ವೇತಾ ಹೇಳಿದ್ದಾಳೆ. ಸಿಕ್ಕಿದ್ದಾಳೆ ಅಂತ ಮಾತ್ರ. ಮಿಕ್ಕದ್ದು ನನಗೆ ಬಿಟ್ಟಿದ್ದಾಳೆ. ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಹಾಕಿದೆ. ಅಪ್ಪ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು.

"ಬಂಡೆ ಕಾಣ್ತಿದೆ. ಜಡೆ ಕಾಣ್ತಿದೆ... ಮುಖ ಕಾಣ್ತಿಲ್ಲ ಕಣೋ. ದೊಡ್ಡದು ಮಾಡು."

ಮಾಡಿದೆ.

"ಇನ್ನೂ."

ಸ್ಕ್ರೀನ್ ತುಂಬಾ ಬೂದು ಬಣ್ಣ. ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹೋಯ್ತು ಬಿಡು. ಕಣ್ಣು ಹೋಗೇಬಿಡ್ತು. ತಡ ಮಾಡ್ಬಿಟ್ಟೆ ನಾನು."

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೈ ಹಿಡಿದುಕೊಂಡರು.

"ನಿಂಗೆ ಕಾಣತ್ತಲ್ಲ? ಹೇಗಿದಾಳೆ, ನೀನೇ ಹೇಳು. ನಗ್ತಿದಾಳಾ?"

"ಹೂಂ. ನಗ್ತಿದಾಳೆ."

"ಆಮೇಲೆ?"

"ಕಣ್ಣು... ದೊಡ್ಡ ಕಣ್ಣು. ಅಮ್ಮನ ಥರಾನೇ. ನಿಮ್ಮನ್ನೇ ನೋಡ್ತಿದಾಳೆ."

ಅಪ್ಪ ಹಿಡಿದ ಕೈ ಬಿಟ್ಟರು. ಮುಖ ನನ್ನ ಕಡೆ ತಿರುಗಿಸಿದರು, ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ.

"ಬಿಸಿಲಿಗೆ ಕಣ್ಣು ಮುಚ್ಕೊಂಡಿದ್ಳಲ್ಲೋ ಸುಶ್ರುತ, ಆ ಫೋಟೋದಲ್ಲಿ."

ನಾನು...