ನೆಟ್ ಸ್ಲೋ ಐತ್ರಿ ಮಿಸ್

ಜನವರಿ 7, ಸಂಜೆ 6.40

ಇವತ್ತೂ ‘ತ್ರಿಜ್ಯ’ದ ಹತ್ತಿರ ಸಿಕ್ಕಿಕೊಂಡೆ. ತ್... ತ್... ಮುಂದೆ ಬರಲೇ ಇಲ್ಲ. ಸ್ಕ್ರೀನಿನಿಂದ ಹುಕ್ಕೇರಿಯ ಶ್ರದ್ಧಾ, “ಮಿಸ್, ನೆಟ್ ಸ್ಲೋ ಐತ್ರಿ” ಅಂದಳು. “ಹೌದವಾ, ನಮ್ಮ ಕಲ್ಲೋಳಿ ನೆಟ್ ಹಿಂಗ” ಅಂದೆ. ಈ ಸುಳ್ಳು ಮಾತ್ರ ಸರಾಗ ಬರುತ್ತದೆ, ಸುಡುಗಾಡು.

ಏಳನೇ ಇಯತ್ತೆ, ಇಪ್ಪತ್ತೆರಡು ಮಕ್ಕಳು. ಆರು ತಿಂಗಳಿಂದ ಆನ್‌ಲೈನ್ ಗಣಿತ. ನನಗೆ ತೊದಲು ಎಂದು ಒಬ್ಬರಿಗೂ ಗೊತ್ತಿಲ್ಲ. ತಪ್ಪೆಲ್ಲ ನೆಟ್ಟಿನ ತಲೆಗೆ. ಸಣ್ಣವಳಿದ್ದಾಗ ಅವ್ವ ನಾಲಗೆಗೆ ಬಜೆ ತೇಯ್ದು ಹಚ್ಚಿ ಹಚ್ಚಿ ಸೋತಳು. ಹಾಳು ನೆಟ್ಟು ಕೈಹಿಡಿಯಿತು.

ಜನವರಿ 9

ಗೋಕಾಕದಿಂದ ಗಜಾನನ ಸರ್ ಮೆಸೇಜ್. ಕೋಚಿಂಗ್ ಕ್ಲಾಸ್ ಅವರದೇ. ಕ್ಲಾಸಿನಲ್ಲಿ ನೆಟ್ ನಿಲ್ಲುತ್ತದೆ ಎಂದು ಪಾಲಕರ ಕಂಪ್ಲೇಂಟ್ ಬಂದಿದೆಯಂತೆ. ‘ಹದಿನೇಳಕ್ಕ ನಾನೂ ಕೂಡತೀನಿ. ಲ್ಯಾಗ್ ಇದ್ರ ಕ್ಲಾಸ್ ಬ್ಯಾರೇದವರಿಗೆ ಕೊಡಬೇಕಾಗ್ತದ.’

ಅವರಿಗೂ ಗೊತ್ತಿಲ್ಲ. ಡೆಮೊ ವಿಡಿಯೋ ಹನ್ನೊಂದು ಸಲ ತೆಗೆದು, ಎಲ್ಲೂ ತಡೆಯದ್ದನ್ನು ಕಳಿಸಿದ್ದೆ.

ಜನವರಿ 10

ನೆಟ್ ಸರಿಮಾಡಿಯೇ ಬಿಡುತ್ತೇನೆಂದು ಅತ್ತಿಗೆ ಸುವರ್ಣಾ ಕಂಪ್ಯೂಟರ್ ಮುಂದೆ ಕೂತಳು. ಮೂಡಲಗಿಯಲ್ಲಿ ಝೆರಾಕ್ಸ್ ಅಂಗಡಿ ನಡೆಸುವವಳು, ಬಿಡುತ್ತಾಳೆಯೇ?

“ಏ ನೇತ್ರಾ, ಕ್ಲಾಸ್ ಟೈಮಿಗೇ ಫೋಟೋ ಬ್ಯಾಕಪ್ ಹೊಂಟೈತಿ! ಯಾರ್ ಚಾಲೂ ಮಾಡ್ಯಾರ?”

ನಾನೇ. ನನ್ನ ಸುಳ್ಳು ನಿಜ ಕಾಣಲೆಂದು ರೌಟರನ್ನು ಕಬ್ಬಿಣದ ತಿಜೋರಿಯ ಹಿಂದೆ ಇಟ್ಟವಳೂ ನಾನೇ. ಸುಮ್ಮನೆ ಚಹಾ ಮಾಡಲು ಎದ್ದೆ.

ಜನವರಿ 13

ಬ್ಯಾಕಪ್ ಬಂದ್. ರೌಟರ್ ಪಡಸಾಲೆಗೆ. ಅಲ್ಲಿಂದ ನನ್ನ ಕೋಣೆಗೆ ಕಿಟಕಿಯಲ್ಲಿ ಹಾಯ್ದು ಬಂದ ಕೇಬಲ್. ಪಿಂಗ್, ಅಂದರೆ ನೆಟ್ಟಿನ ತಡ, ನೂರಾ ಎಂಬತ್ತಿದ್ದದ್ದು ಹದಿನಾಲ್ಕು!

“ಇನ್ನ ನೀ ಅಂದದ್ದು ಅಂದಂಗ ಮುಟ್ಟತೈತಿ ನೋಡ” ಅಂದಳು ಅತ್ತಿಗೆ. ಹೆದರಿಕೆ ಇರುವುದೇ ಅದಕ್ಕೆ. ಅಳು ಬಂತು. ಖುಷಿಗೆ ಎಂದುಕೊಂಡಳು.

ಜನವರಿ 16, ಬೆಳಿಗ್ಗೆ

ಸಂಕ್ರಾಂತಿ ಹೇಗೆ ಹೋಯಿತೋ ತಿಳಿಯದು. ಮಾದಲಿ ರುಚಿ ಹತ್ತಲಿಲ್ಲ.

ಕೇಬಲ್ ಕಿತ್ತೆ. ಹಚ್ಚಿದೆ. ಮತ್ತೆ ಕಿತ್ತೆ. ನೆಟ್ ಕೆಟ್ಟರೆ ಕ್ಲಾಸ್ ಹೋಗುತ್ತದೆ, ನೆಟ್ ನೆಟ್ಟಗಿದ್ದರೆ ಮಾನ. ‘ತ್ರಿಜ್ಯ’ ಬಿಟ್ಟು ‘ಆರ್’ ಅನ್ನಲೇ? ‘ಪರಿಧಿ’ಗೆ ಏನನ್ನಲಿ?

ಕೊನೆಗೆ ಹಚ್ಚಿಯೇ ಇಟ್ಟೆ. ಕಲಿಸುವುದನ್ನು ಬಿಟ್ಟರೆ ನಾನು ಏನೂ ಅಲ್ಲ.

ಜನವರಿ 17, ಸಂಜೆ 6.50

ಕ್ಲಾಸ್ ಈಗಷ್ಟೇ ಮುಗಿಯಿತು.

ಗಜಾನನ ಸರ್ ಸ್ಕ್ರೀನಿನ ಮೂಲೆಯ ಚೌಕದಲ್ಲಿದ್ದರು. ಹತ್ತು ನಿಮಿಷ ಸುಸೂತ್ರ. ಆಮೇಲೆ ಅದೇ... ತ್... ತ್... ಬಾಯಿ ಬೀಗ.

“ಮಿಸ್, ನೆಟ್ ಸ್ಲೋ ಐತ್ರಿ” — ಶ್ರದ್ಧಾ. ಕಾಯುತ್ತಿದ್ದವಳಂತೆ, ಕೂಡಲೇ.

ಹೌದು ಅನ್ನಬಹುದಿತ್ತು. ಏನಾಯಿತೋ, ಬೇಜಾರು ಬಂತು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

“ಇಲ್ಲವಾ. ನೆಟ್ ಚಲೋ ಐತಿ. ನ... ನನಗ ಮಾತು ತಡೀತಾವ. ಮೊದಲಿಂದನೂ. ಒಂದೀಟು ನಿಲ್ರಿ, ಹೇಳತೀನಿ.”

ಸರ್ ಕನ್ನಡಕ ತೆಗೆದರು. ನಾನು ‘ತ್ರಿಜ್ಯ’ ಅಂದೆ. ಎಷ್ಟು ಹೊತ್ತು ಹಿಡಿಯಿತೋ, ಅಂದೆ. ಲೆಕ್ಕ ಮುಗಿಸಿದೆ.

ಕೊನೆಗೆ ಶ್ರದ್ಧಾ ಮೈಕ್ ಹಚ್ಚಿದಳು. “ಸಿಟ್ಟಾಗಬ್ಯಾಡ್ರಿ ಮಿಸ್. ನಮಗ ಗೊತ್ತಿತ್ರಿ. ಖರೇನ ನೆಟ್ ನಿಂತ್ರ ನಿಮ್ಮ ಹಿಂದಿನ ಫ್ಯಾನೂ ನಿಂದರಬೇಕಲ್ರಿ. ಅದು ತಿರಗತಿತ್ರಿ.”

ಆರು ತಿಂಗಳು. ಇಪ್ಪತ್ತೆರಡು ಮಕ್ಕಳು. ಒಬ್ಬರೂ ನಗದೆ, ದಿನಾ ನನಗೋಸ್ಕರ ನೆಟ್ಟಿನ ಮೇಲೆ ತಪ್ಪು ಹಾಕುತ್ತ ಬಂದಿದ್ದರು.