ಕೊನೆಯ ಹಾಡಿಗೆ ಮುಂಚೆ

೧೪ ನವೆಂಬರ್ ೧೯೮೭, ಶನಿವಾರ
ವಿಶಾಖಪಟ್ಟಣ

ಆ ಕೊನೆಯ ಹಾಡು ಕೇಳುವ ಆಸೆ ಇನ್ನೂ ಹೋಗಿಲ್ಲ.

ಪಕ್ಕದ ಮನೆಯ ದಿನಕರಣ್ಣ ಸರಕಿನ ಹಡಗಿನಲ್ಲಿದ್ದಾಗ ಯೊಕೊಹಾಮಾದಿಂದ ತಂದ ಸಿನಿಮಾ ರೆಕಾರ್ಡು ಇವತ್ತು ನನ್ನದಾಯಿತು. ಜಪಾನಿನ ಕಂಪನಿಯದೇ, ಹೊದಿಕೆಗೆ ಸುತ್ತಿದ ಕಾಗದದ ಪಟ್ಟಿ ಕೂಡ ಹರಿದಿಲ್ಲ. ಶಾಲೆ ಬಿಟ್ಟಾಗಿನಿಂದ ಬಂದರಿನ ಅಂಗಡಿಗಳಲ್ಲೆಲ್ಲ ಇಂಥದ್ದಕ್ಕೇ ಅಲೆದಿದ್ದೇನೆ. ದಿನಕರಣ್ಣ ಸಮುದ್ರದಲ್ಲಿ ಕಾಣೆಯಾಗಿ ವರ್ಷವಾಯಿತೆಂದು ಅವನ ಹೆಂಡತಿ ಸುಲೋಚನಕ್ಕ ಕೊಟ್ಟುಬಿಟ್ಟಳು.

ಸಂಜೆ ಹಾಕಿದೆ. ಕೇಳಿ ಕೇಳಿ ಸವೆದ ರೆಕಾರ್ಡು, ಉದ್ದಕ್ಕೂ ಚಿಟಪಟ. ಕೊನೆಯ ಹಾಡಿಗೆ ಮುಂಚೆ ಸುಲೋಚನಕ್ಕ ಪಕ್ಕದ ಮನೆಯಿಂದ ಓಡಿಬಂದಳು, ಕೈಯೆಲ್ಲ ಹಿಟ್ಟು.

"ನಿಲ್ಸೋ ಮೌಳಿ! ಅವ್ರು ಇಲ್ಲೇ ಮುಳ್ಳು ಎತ್ತಿಬಿಡೋರು. ಕೊನೇದನ್ನ ಹಡಗಿನ ಕೆಲಸ ಬಿಟ್ಟು ಬಂದ್ಮೇಲೆ ಕೇಳ್ತೀನಿ ಅನ್ನೋರು."

ಎತ್ತಿದೆ.

"ರೆಕಾರ್ಡು ಶುರುವಾದಾಗ ಅವ್ರೇ ಬಂದ್ರು ಅಂದ್ಕೊಂಡೆ ಕಣೋ, ನೋಡು ನನ್ ಬುದ್ಧಿ" ಎಂದು ನಕ್ಕಳು. ನನಗೆ ನಗಲಾಗಲಿಲ್ಲ.

ಈಗ ದೀಪಕ್ಕೆ ಹಿಡಿದು ನೋಡಿದೆ. ಎಲ್ಲ ಕಡೆ ಗೀರು, ಕೊನೆಯ ಹಾಡಿನ ಜಾಗ ಮಾತ್ರ ಹೊಸದರಂತೆ ಹೊಳೆಯುತ್ತದೆ. ಅದನ್ನು ಕೇಳಿದರೆ ಅಣ್ಣ ಇನ್ನು ಬರುವುದಿಲ್ಲವೆಂದು ನಾನೇ ಹೇಳಿದಂತೆ. ಆದರೂ ಕೇಳಬೇಕು ಅನ್ನಿಸುತ್ತಿದೆ. ಆಸೆಯಿಲ್ಲವೆಂದು ಸುಳ್ಳು ಬರೆಯಲಾರೆ. ನಡುವಿನ ಗೋಡೆ ತೆಳು. ಆಚೆ ಅಕ್ಕ ಇನ್ನೂ ಮಲಗಿಲ್ಲ. ಮುಳ್ಳು ಇಡುವ ಸದ್ದಿಗೇ ಕಿವಿಗೊಟ್ಟು ಕೂತಿದ್ದಾಳೋ ಏನೋ.