ಯೋಹಾನ್ ಬ್ರೆಂಕನ ಬಟ್ಟೆ

ಅಮ್ಮ,

ನೀನು ತೀರಿಹೋಗಿ ಮೂರು ವರ್ಷವಾದರೂ ಇಂಥದ್ದನ್ನೆಲ್ಲ ನಿನಗೇ ಹೇಳಬೇಕೆನಿಸುತ್ತದೆ. ಇವತ್ತು ಮಗಳು ಇಳಾಳನ್ನು ಡೆಟ್ರಾಯ್ಟಿನ ಒಂದು ಚಿಕ್ಕ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಯೋಹಾನ್ ಬ್ರೆಂಕ್ ಎಂಬ ಜರ್ಮನಿಯವನ ಕಥೆಯಿತ್ತು. ನೂರೆಪ್ಪತ್ತು ವರ್ಷದ ಹಿಂದೆ ಬಿಯರ್ ಮಾಡಲು ಬಂದವನು. ತನ್ನೂರಿನ ಯೀಸ್ಟನ್ನು ನಾರುಬಟ್ಟೆಗೆ ಸವರಿ ಒಣಗಿಸಿ, ಏಳು ವಾರದ ಹಡಗುಪ್ರಯಾಣದುದ್ದಕ್ಕೂ ಅಂಗಿಯೊಳಗೆ ಇಟ್ಟುಕೊಂಡಿದ್ದನಂತೆ. ಇಲ್ಲಿಗೆ ಬಂದು ಅದರ ಅರ್ಧವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿದ. ಮೂವತ್ತು ವರ್ಷ ಅವನ ಪೀಪಾಯಿಗಳಲ್ಲಿ ನೊರೆಯೆದ್ದದ್ದು ಅದರಿಂದಲೇ. ನಿನಗೆ ಬಿಯರಿನ ಹೆಸರೇ ಆಗುತ್ತಿರಲಿಲ್ಲ, ಆದರೂ ಇವನನ್ನು ಕಂಡಿದ್ದರೆ ನೀನು ಕೂರಿಸಿ ಊಟ ಹಾಕುತ್ತಿದ್ದೆ.

“ಅಜ್ಜಿ ಡಿಡ್ ದಿಸ್ ಟೂ, ರೈಟ್?” ಎಂದಳು ಇಳಾ.

ಇಲ್ಲಿ ವಿಕ್ಸಮ್ಮಿನ ನಮ್ಮ ಮನೆಗೆ ಬಂದಾಗ ನೀನು ಹೆಪ್ಪಿಗೆಂದು, ಮೈಸೂರಿನ ಮನೆಯ ಮೊಸರಿನಲ್ಲಿ ಅದ್ದಿ ಒಣಗಿಸಿದ ಕರ್ಚೀಫನ್ನು ತಂದಿದ್ದೆ. ಕೊಳೆಯಾಗಿದೆಯೆಂದು ನಾನು ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದೆ. “ಹೋಗ್ಲಿ ಬಿಡು, ನಿಂಗೇನ್ ಗೊತ್ತಿತ್ತು” ಅಂದೆ ನೀನು. ಆಮೇಲೆ ಇದ್ದ ಆರು ತಿಂಗಳೂ ಅನ್ನಕ್ಕೆ ಮೊಸರು ಹಾಕಿಕೊಳ್ಳಲಿಲ್ಲ.

ಇಳಾಗೆ ಹೌದೆಂದೆ. ಅವನ ಬಟ್ಟೆಯ ಉಳಿದರ್ಧ ಗಾಜಿನ ಪೆಟ್ಟಿಗೆಯಲ್ಲಿದೆ, ಹಳದಿಗಟ್ಟಿ ಹಪ್ಪಳದಂತಾಗಿದೆ. ಇಷ್ಟು ವರ್ಷದಲ್ಲಿ ಆ ಮನೆಯ ಯಾರೂ ಅದನ್ನು ಒಗೆದಿಲ್ಲ.